ಹಿಡಿ ಜೋಳದ ಜಾಗ

ಬೆಟಗೇರಿಯ ಮಿಶನ್ ಗುಡಿ ಹಿಂದಿನ ಕೋಣಿ.
ಫ್ಯಾನು ಬಂದ್ ಮಾಡಿದ್ವಿ,
ಅದರ ಕಿರಗುಟ್ಟೂದು ಯಾವ ತಾಳಕ್ಕೂ ಹೊಂದವಲ್ದು.
ಬಾಜೂ ಓಣಿಯ ಮಗ್ಗ ಮಾತ್ರ ಬಂದ್ ಮಾಡಾಕ ಬರಂಗಿಲ್ಲ,
ಖಟಕ್ ಖಟಕ್,
ಸೆರಗು ಮುಗಿಯೂತನಕ ಅದು ಯಾರ ಮಾತೂ ಕೇಳೂದಿಲ್ಲ.

ಕಾಲಪೇಟಿ ಮುಂದ ಜೀವರತ್ನ ಮಾಸ್ತರು.
ಅವರಜ್ಜ ಜರ್ಮನ್ ಪಾದ್ರಿಯಿಂದ ಕಲಿತ ನಾಕು ದನಿಯ ಕೀರ್ತನಿ
ಬೆರಳಿನ್ಯಾಗ ಇನ್ನೂ
ಗಂಜಿ ಹಾಕಿದ ಅಂಗಿಯಂಗ ನೆಟ್ಟಗ.

ಗೌಸುಸಾಬನ ಸ್ಯಾಕ್ಸೋಫೋನು ಹದಿನೆಂಟು ವರ್ಷ
ಮದುಮಗನ ಕುದುರಿ ಮುಂದ ಧೂಳು ಕುಡದದ್ದು.
ರಾತ್ರಿ ಮಾಳಗಿ ಮ್ಯಾಲ ಹಳೇ ಕ್ಯಾಸೆಟ್ ಹಾಕಿ
ಸಮುದ್ರದಾಚಿ ಹತ್ತಿ ಹೊಲದಾಗ
ಸರಪಳಿ ಕಟ್ಟಿಸ್ಕೊಂಡವರ ಹಾಡು ಕಲಿತಾನ.
‘ನಮ್ಮವ್ವನೂ ಹತ್ತಿ ಬಿಡಿಸಿದಾಕಿನ’ ಅಂತಾನ,
ಅಷ್ಟ, ಮುಂದ ಮಾತಿಲ್ಲ.

ನಾನು ತಬಲಾ.
ಧಾರವಾಡದಾಗ ಹನ್ನೊಂದು ವರ್ಷ ಮಾತ್ರಿ ಎಣಿಸಿದಾಂವ.

ಫಕೀರವ್ವ ಎಲಿಚೀಲ ಬಾಜೂಕ ಇಟ್ಟು ಬೀಸೂ ಪದ ಎತ್ತಿದ್ಳು:
ಕಲ್ಲವ್ವ, ನನ ಗುಟ್ಟು ಹಿಟ್ಟಾಗಿ ಬೀಳಲಿ
ಅತ್ತಿಯ ಕಿವಿಗೆ ಬರೇ ಗರಗರ ಹೋಗಲಿ

ಮಾಸ್ತರು ಹುಡುಕಿದ್ರು.
ಆ ಸ್ವರ ಬಿಳಿ ಮನಿಯಾಗಿಲ್ಲ, ಕರಿ ಮನಿಯಾಗಿಲ್ಲ.
ಖ್ಯಾಲ ಹಾಡೂ ನಮ್ಮ ವಾರಿಜಾ ಕೇಳಿದ್ಳು,
‘ಗಾಂಧಾರ ಕೋಮಲ ಏನ್ರಿ, ಶುದ್ಧ ಏನ್ರಿ?’
‘ಅದೆಲ್ಲಾ ನನಗೇನ ಗೊತ್ತವ್ವ.
ಅಲ್ಲಿ ಕಲ್ಲು ಭಾರ ಆಗತೈತಿ, ದನಿ ಜಗ್ಗತೈತಿ.’
ಗೌಸು ನಕ್ಕ, ತುಟಿ ಸಡಲ ಬಿಟ್ಟ.
ಜಗ್ಗಿದ ಆ ಸ್ವರ ಅವನ ಹಂತೇಕ ಮೊದಲ ಇತ್ತು.

ನನ್ನ ತ್ರಾಸ ಬ್ಯಾರೆ.
ಎರಡನೇ ಸಾಲು ಮುಗದ ಮ್ಯಾಲ ಆಕಿ ನಿಲ್ಲತಾಳ.
ಎಷ್ಟು? ಮೂರೂವರಿ ಮಾತ್ರಿ. ಮರುಸಲ ನಾಕೂಕಾಲು.
ದಾದರಾ ಹಾಕಿದೆ, ರೂಪಕ ಹಾಕಿದೆ,
ನನ್ನ ‘ಧಾ’ ಬೀಳತಿತ್ತು ಖಾಲಿ ಕೊಡದಾಗ ಹಳ್ಳು ಬಿದ್ದಂಗ,
ಆಕಿ ಇನ್ನೂ ಬಾಯಿ ತೆರದಿರತಿರಲಿಲ್ಲ.
ಏಳು ಸಲ ತಪ್ಪಿ, ಬೆವರು ಒರಸಿಕೊಂಡು ಕೇಳಿದೆ,
‘ಯವ್ವಾ, ಅಲ್ಲಿ ಯಾಕ ನಿಲ್ಲತಿ?’
‘ಜೋಳ ಹಾಕೂದು ಬ್ಯಾಡೇನಪಾ?’

ಬಲಗೈ ಇಲ್ಲದ ಗೂಟ ತಿರುವಿತು.
ಎಡಗೈ ಇಲ್ಲದ ಮೊರದಿಂದ ಹಿಡಿ ತುಂಬಿಕೊಂಡು
ಗಾಳಿಯ ಬಾಯಾಗ ಸುರುವಿತು.
ಓಣಿಗೆ ಗಿರಣಿ ಬಂದು ಮೂವತ್ತು ವರ್ಷ ಆತಂತ,
ಕೈಗೆ ಯಾರೂ ಹೇಳಿಲ್ಲ.

ಎಣಿಸೂದು ಬಿಟ್ಟೆ. ಆ ಎಡಗೈ ನೋಡಾಕ ಹತ್ತಿದೆ.
ಹಿಡಿ ಸಣ್ಣದಾದರ ಲಗೂನ, ದೊಡ್ಡದಾದರ ತಡಾ.
ಮಾಸ್ತರು ಪೇಟಿಯ ಗಾಳಿ ಹಿಡದು ಕಾದರು,
ಗೌಸು ಎದಿ ತುಂಬ ಉಸುರು ತುಂಬಿಕೊಂಡ,
ಆ ಖಾಲಿಯೊಳಗ
ಖಟಕ್, ಖಟಕ್,
ಆಮ್ಯಾಲ ನಾಕೂ ಮಂದಿ ಒಮ್ಮೆಲೆ ಕಲ್ಲು ತಿರುವಿದ್ವಿ.

ವಾರಿಜಾ ಪೆನ್ನು ಕಚ್ಚಿಕೋತ ಕೂತಿದ್ಳು,
‘ಇಲ್ಲಿ ಏನಂತ ಬರೀಲಿ, ಎಷ್ಟು ಮಾತ್ರಿ ಬಿಡಲಿ?’

‘ಜೋಳ ಅಂತ ಬರಿ’ ಅಂದೆ.