ಕೂಳೆ

ಕುಂಚಾವರಂ ದಾಟಿ ಮೂರು ಮೈಲಿಗೆ
ಜೀಪು ನಿಂತಿತು. ಮುಂದೆ ಹಾದಿಯಿಲ್ಲ,
ಇತ್ತೆಂಬುದಕ್ಕೆ ಗುರುತಿದೆ:
ಕೆಂಪು ಮುರಮಿನಲ್ಲಿ ಲಾರಿ ಗಾಲಿ ಕೊರೆದ ಎರಡು ತಗ್ಗು,
ಒಂದರಲ್ಲಿ ತುಪ್ರಿ, ಇನ್ನೊಂದರಲ್ಲಿ ಕವಳಿ.
ಆ ಲಾರಿಯೇ ಈಗ ಬಂದರೂ ಗುರುತು ಹಿಡಿಯಲಾರದು.

ಘಮ್ಲಿಬಾಯಿ ಮುಂದೆ. ಕಾವಲಿನ ಖಾಕಿ ಕೋಟಿನ ಕೆಳಗೆ
ಕನ್ನಡಿ ಹೊಲಿದ ಲಂಗ; ಮುಳ್ಳುಕಂಟಿ ಜಗ್ಗಿದಾಗ
ಬಿಡಿಸಿಕೊಳ್ಳುತ್ತಾಳೆ, ಬೈಯುವುದು ಕಂಟಿಯನ್ನಲ್ಲ,
ನನ್ನನ್ನು: "ಜರಾ ಕಾಲು ನೋಡಿ ಇಡ್ರಿ,
ನೀವು ತುಳಿಯೋದು ಹುಲ್ಲಲ್ಲ, ಗಿಡ."

ನನ್ನ ಕೈಲಿ ಅಪ್ಪನ ಕಟಾವು ಪುಸ್ತಕ.
ಕೂಪು ನಂಬರು ಹನ್ನೊಂದು. ನೀಲಿ ಪೆನ್ಸಿಲಿನಲ್ಲಿ
ರಕ್ತಚಂದನ, ಸುತ್ತಳತೆ, ಮೊಹರಿನ ಅಂಕಿ,
ಅಂಚಿಗೊಂದು ಚಹಾ ಬಟ್ಟಲಿನ ಉಂಗುರ.
ನಾಲ್ಕುನೂರ ಹದಿನೇಳರ ಮುಂದೆ ಮಾತ್ರ ಅಳತೆಯಿಲ್ಲ;
"ಗೂಡು ಇತ್ತು" ಎಂದು ಬರೆದು
ಮತ್ತೆ ತಾನೇ ಹೊಡೆದುಹಾಕಿದ್ದಾನೆ.

ಆ ಬೊಡ್ಡೆಯನ್ನೇ ಹುಡುಕಿ ಬಂದವಳು ನಾನು.
ಹುಡುಕಿದಾಗ ಸಿಗಲಿಲ್ಲ, ಎಡವಿದಾಗ ಸಿಕ್ಕಿತು.
ಕೊಡಲಿ ಬಿದ್ದ ಜಾಗದ ಸುತ್ತ ತೊಗಟೆ
ರೊಟ್ಟಿಯ ಅಂಚಿನ ಹಾಗೆ ಒಳಮಡಚಿ
ನಾಲ್ಕನ್ನು ನುಂಗಿದೆ, ಏಳನ್ನೂ ನುಂಗಿದೆ;
ನಡುವೆ ಉಳಿದ ಒಂಟಿ ಗೆರೆ
ಅಂಕಿಯೋ ಬಿರುಕೋ.

ಬುಡದಿಂದ ಐದು ಕೂಳೆ.
ಎರಡು ಸಲ ಬೆಂಕಿಗೆ ಸುಟ್ಟು ಮೂರನೇ ಸಲ ಎದ್ದವು.
ತೋಳಿನ ಗಾತ್ರಕ್ಕೇ ಮೊಸಳೆ ಬೆನ್ನಿನ ತೊಗಟೆ ಬಂದಿದೆ.
ಒಂದನ್ನು ಯಾರೋ ಕಡಿದು, ಒಳಗೆ ನೋಡಿ,
ಅಲ್ಲೇ ಬಿಟ್ಟುಹೋಗಿದ್ದಾರೆ.
ಘಮ್ಲಿಬಾಯಿ ಕಡಿದ ತುದಿ ಒರೆಸಿ ತೋರಿದಳು:
"ಬೆಳ್ಳಗ ಅದ. ಇನ್ನ ಕೆಂಪು ಹುಟ್ಟಿಲ್ಲ.
ಗಿಡಕ್ಕ ಸಿಟ್ಟು ಬರಲಾಕ ಇಪ್ಪತ್ತು, ಮೂವತ್ತು ವರ್ಷ ಬೇಕ್ರಿ.
ಅಲ್ಲೀತನ ಕಳ್ಳಗೂ ಬ್ಯಾಡ, ಸರಕಾರಕ್ಕೂ ಬ್ಯಾಡ.
ಅದಕ್ಕ ಬದುಕ್ಯಾವ."

ಅವಳೂ ಇದೇ ಕೂಪಿನಲ್ಲಿ ತುಂಡು ಹೊತ್ತವಳು.
ದಿನಕ್ಕೆ ಏಳು ರೂಪಾಯಿ. ಅಪ್ಪನ ಸಹಿಯ ಎದುರು
ಅವಳ ಹೆಬ್ಬೆಟ್ಟು ಕೊನೆಯ ಹಾಳೆಯಲ್ಲಿದೆ. ತೋರಿಸಿದೆ.
ಹೆಬ್ಬೆರಳನ್ನು ಅದರ ಮೇಲಿಟ್ಟು ನೋಡಿ
"ಸಣ್ಣದಿತ್ತು" ಅಂದಳು. ಬೆರಳು ತೆಗೆಯಲು ಹೊತ್ತು ಹಿಡಿಯಿತು.

ಮಿರಗಕ್ಕೆ ಇನ್ನೂ ನಾಲ್ಕು ದಿನ. ಕಾಲ ಕೆಳಗೆ
ಹೋದ ವರ್ಷದ ಕಾಯಿ, ರೆಕ್ಕೆ ಒಣಗಿ,
ನಡೆಯದ ನಾಣ್ಯದ ಹಾಗೆ ಬಿದ್ದಿವೆ.
ಟೇಪು ಬಿಚ್ಚಿ ಉಳಿದ ನಾಲ್ಕನ್ನು ಅಳೆದೆ.
ಅಪ್ಪನ ಸಾಲಿನಲ್ಲಿ ಖಾನೆ ಖಾಲಿಯಿದೆಯಲ್ಲ,
ಬರೆಯಹೋದರೆ ಪೆನ್ಸಿಲಿನ ಮೊನೆ ಮುರಿಯಿತು.
ಘಮ್ಲಿಬಾಯಿ ಕುಡುಗೋಲಿನಿಂದ ಹೆರೆದುಕೊಟ್ಟಳು.
ಕೆಂಪು ಸಿಪ್ಪೆ ಬೊಡ್ಡೆಯ ಮೇಲೆ ಉದುರಿತು,
ಅದೂ ಎಲ್ಲಿಯದೋ ಗಿಡ.