ಎಣ್ಣೆ ಬೇಡದ ಬೀಗ

ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲಿನಲ್ಲಿ
ಗಾಳಿಗೂ ಹೊಟ್ಟಿನ ಬಣ್ಣ.
ಗೋದಾಮಿನ ಬೀಗಕ್ಕೆ ವಾರಕ್ಕೊಮ್ಮೆ
ನಾನೇ ಸುರಿಯುತ್ತಿದ್ದೆ ಕೊಬ್ಬರಿ ಎಣ್ಣೆ,
ಪ್ರೀತಿಯಿಂದೇನಲ್ಲ, ಅವಸರದಿಂದ.

ಇವತ್ತು ಕೀಲಿ ಅರ್ಧಕ್ಕೇ ನಿಂತಿತು.
ದಸ್ತಗೀರ್ ಸಾಬರು ಬಂದರು, ಮೂಸಿ ನೋಡಿದರು:
“ಬೀಗಕ್ಕೆ ಒಗ್ಗರಣೆ ಹಾಕೀರಲ್ರೀ!”
ತಂತಿಯ ತುದಿಗೆ ಕಪ್ಪು ಹಿಟ್ಟು,
ಎಣ್ಣೆ ಕುಡಿದ ಹೊಟ್ಟು, ಎರಡು ವರ್ಷದ್ದು.

ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗಿಟ್ಟು,
ಒಂದು ಬೀಡಿಯಷ್ಟು ಹೊತ್ತು ದೂರ ಕೂತು,
ಕಿವಿಯ ಮೇಲಿನ ಪೆನ್ಸಿಲ್ ತುಂಡು ತೆಗೆದು
ಬ್ಲೇಡಿನಿಂದ ಸೀಸ ಹೆರೆದರು.
ಕಾಗದದ ಮಡಿಕೆಯಿಂದ ಒಂದೇ ಊದು.

“ಶಟರಿನ ಹಳಿಗೆ ಮೇಣದಬತ್ತಿ ತಿಕ್ರಿ, ಸಾಕು.
ಗಾಡಿ ಚೈನಿಗೆ ಎಣ್ಣಿನೇ ಬೇಕು,
ಆದ್ರ ಒರೆಸಿ ಹಾಕ್ರಿ, ಹಾಕಿ ಒರೆಸ್ರಿ.”
“ಬ್ರೇಕಿಗೆ?” ಅಂದೆ.
ನಕ್ಕರು.
“ಅದಕ್ಕ ಏನೂ ಹಚ್ಚಬ್ಯಾಡ್ರಿ.
ನಿಲ್ಲೋದೂ ಒಂದು ಕೆಲಸ.”

ಕೀಲಿ ತಿರುಗಿತು,
ಯಾರದೋ ಮನೆಯೊಳಗೆ
ಚಪ್ಪಲಿ ಬಿಟ್ಟು ಬಂದವರ ಹಾಗೆ.

ಬೆರಳಿಗಂಟಿದ ಕಪ್ಪಿನಲ್ಲೇ ಸಾಬರು
ಗೋಡೆಯ ಮೇಲೆ ಬರೆದರು, ಕೂಲಿ: ಅರವತ್ತು.
ಕೆಳಗೆ, ಸಣ್ಣದಾಗಿ,
ಪೆನ್ಸಿಲ್: ಐದು.