ಬತ್ತಿ

ಜೋಗುಪಾಳ್ಯದ ಕಲ್ಲುಹಾಸಿನ ಮೇಲೆ ಅಪ್ಪ ಇವತ್ತಿಗೂ
ಕೊಡೆಯ ಮೊನೆಯಿಂದ ಕುಟ್ಟಿ, ಕೇಳಿಸಿಕೊಂಡು, ಆಮೇಲೆ ಹೆಜ್ಜೆಯಿಡುತ್ತಾರೆ.
ಚಪ್ಪಡಿ ಅಲುಗಿದರೆ ನಿಂತು
ಹಿಂದೆ ಬರುವವರಿಗೆ ಕೈ ಅಡ್ಡ ಹಿಡಿಯುತ್ತಾರೆ.
ಹೂವಿನವಳಿಗೆ ನಗು:
"ಲೂರ್ದಪ್ಪನೋರೆ, ಕೆಳಗಿರೋದು ಬರೀ ಮೋರಿ."

ಯುದ್ಧ ಮುಗಿಸಿ ಬಂದಾಗ ತೋಳಿನ ಮೇಲೆ ಎರಡು ಪಟ್ಟಿ.
ಮೂರನೆಯದರ ಜಾಗದಲ್ಲಿ ಸೂಜಿಯ ತೂತು.
ಅಮ್ಮ ಹೊಲಿಗೆಯವಳು, ಅವಳ ಕಣ್ಣು ತಪ್ಪುವುದುಂಟೆ?
"ಕುಡಿದಿದ್ದಿರಾ?"
"ಹೂಂ."
ಆ ಹೂಂ ಹನ್ನೊಂದು ವರ್ಷ
ಬಾಡಿಗೆ ಕೊಡದೆ ನಮ್ಮ ಮನೆಯಲ್ಲಿತ್ತು.

ಒಂದು ರಾತ್ರಿ ಕರೆಂಟು ಹೋಯಿತು.
"ಬತ್ತಿ ಎಲ್ಲಿ?" ಅಂದೆ.
ಅಪ್ಪ ಹುಡುಕಲಿಲ್ಲ. ಕತ್ತಲಲ್ಲೇ ಕೂತು ಹೇಳಿದರು:

ನಾವೇ ಹೂತ ಮೈನು. ನಡುವೆ ಅವರ ಕಡೆಯವನೊಬ್ಬ ಬಿದ್ದಿದ್ದ.
ನೀರು ಕೇಳಲಿಲ್ಲ, ದೇವರನ್ನೂ ಕರೀಲಿಲ್ಲ.
ಬತ್ತಿ, ಅಂದ. ಸುಮ್ಮನಾದ. ಮತ್ತೆ, ಬತ್ತಿ.
ಬೀಡಿ ಹಚ್ಚಿದರೂ ಗುಂಡು ಬರೋ ಜಾಗದಲ್ಲಿ
ದೀಪ ಕೇಳ್ತಾನಲ್ಲ ಹುಚ್ಚ, ಅಂದುಕೊಂಡೆ.
ಆಮೇಲೆ ಮೊದಲಿಂದ ಶುರು ಮಾಡಿದ: ಇಕ್ಕ್, ದೋ, ತಿನ್ನ್.
ಎಣಿಸ್ತಿದ್ದ ಮಗಳೇ, ಕಣ್ಣು ಮುಚ್ಚದಿರಲಿ ಅಂತ.
ಅವನ ಮಾತಲ್ಲಿ ಬತ್ತಿ ಅಂದರೆ ಮೂವತ್ತೆರಡು.
ಪ್ರತಿ ಸಲ ಅಲ್ಲೇ ಎಡವೋನು.
ಕವಾಯತಿನ ಹಿಂದೀಲಿ ಕೂಗಿಬಿಟ್ಟೆ: ತೈಂತೀಸ್.
ಏನೂ ಇಲ್ಲ.
ಏನೂ ಇಲ್ಲ.
ಆಮೇಲೆ ಕತ್ತಲಿಂದ: ಚೌಂತೀ.

ಅಷ್ಟಾದ ಮೇಲೆ ಮಲಗಿರೋದು ಹೇಗೆ?

ಬಯನೆಟ್ಟು ಓರೆ ಹಿಡಿದು ಮಣ್ಣು ಚುಚ್ಚುತ್ತಾ,
ಹಿಂದೆ ಬಿಳಿ ಪಟ್ಟಿ ಬಿಚ್ಚುತ್ತಾ, ಹೊಟ್ಟೆಯ ಮೇಲೆ ತೆವಳಿದೆ.
ಒಂದು ಅವನದು, ಒಂದು ನನ್ನದು.
ಮೈನು ಸಿಕ್ಕಿ ನಾನು ಉಸಿರು ಹಿಡಿದರೆ
ಹೇಳೋತನಕ ಕಾಯೋನು.
ಇನ್ನೂರ ಹದಿನೇಳು ಬಾಯಲ್ಲಿತ್ತು, ಕೈಗೆ ಬೂಟು ತಗುಲಿತು.
ಒಂದೇ ಬೂಟು.

ಉಳಿದನೋ ಇಲ್ಲವೋ, ಗೊತ್ತಿಲ್ಲ. ನಮ್ಮ ಗಾಡಿಗೆ ಹತ್ತಿಸಿದೆ.
ಬೆಳಿಗ್ಗೆ ಸಾಹೇಬರು ಕೇಳಿದ್ದು ಗಜದ ಲೆಕ್ಕ.
ಅಪ್ಪಣೆಯಿಲ್ಲದೆ ಒಂದು ಪಟ್ಟಿ ಬಿಚ್ಚಿದ್ದಕ್ಕೆ
ಇನ್ನೊಂದು ಪಟ್ಟಿ ಬಿಚ್ಚಿಸಿದರು.

ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ.
ಆಮೇಲೆ ಸಿಟ್ಟೇ ಬಂತು ಅವಳಿಗೆ:
"ಕುಡಿತ ಬಿಡಲಿ ಅಂತ ಬಾಲಯೇಸುವಿಗೆ ಹನ್ನೊಂದು ವರ್ಷ
ಹಚ್ಚಿದ ಮೇಣದಬತ್ತಿ! ಅದನ್ನೆಲ್ಲ ಈಗ
ಯಾರ ಲೆಕ್ಕಕ್ಕೆ ಬರೆದುಕೊಳ್ಳಲಿ?"

ಗುರುವಾರ ಬಂತು. ವಿವೇಕನಗರದ ಬಸ್ಸಿನಲ್ಲಿ
ಅವಳ ಕೈಚೀಲ ಇಣುಕಿ ನೋಡಿದೆ.
ಬತ್ತಿ ಇತ್ತು.
ಎಂದಿನ ಗಿಡ್ಡದ್ದಲ್ಲ, ಉದ್ದನೆಯದು.